ಏಳನೇ ತಕ್ಕಡಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಹರಾಜು ಮುಗಿದು ತೂಕ ಶುರುವಾದ ಹೊತ್ತು
ಏಳನೇ ತಕ್ಕಡಿಯ ಮುಂದೆ ಚಾಂದ್ ಪಾಷರ ಕೂಗು:
"ನಲವತ್ತೆರಡು ಕೆಜಿಯಾ?
ನಾನೇ ಎತ್ತಿ ಇಟ್ಟಿದೀನಿ ಸ್ವಾಮಿ,
ಮೂವತ್ತು ದಾಟಲ್ಲ!"

ದಾಟಿರಲಿಲ್ಲ.
ನಲವತ್ತೆರಡು, ಅವರಿಗಿಂತ ಮುಂಚೆ ತೂಗಿದ
ಗಂಗುಲಪ್ಪನ ಗೂಡಿನ ಲೆಕ್ಕ.
ಗೂಡು ಇಳಿದು ಹೋಗಿತ್ತು. ಅಂಕಿ ಇಳಿದಿರಲಿಲ್ಲ.

ಇಲ್ಲಿಯ ಹನ್ನೆರಡೂ ತಕ್ಕಡಿಗೆ ಡ್ರೈವರ್ ಬರೆದವಳು ನಾನು.
ಡ್ರೈವರ್ ಅಂದರೆ ಲಾರಿಗಾ, ಬಸ್ಸಿಗಾ ಅಂತ
ಮೊದಲ ದಿನ ಹಮಾಲರು ನಕ್ಕಿದ್ದರು.
ಹೆಚ್ಚುಕಮ್ಮಿ ಅದೇ ಕೆಲಸ:
ಕರ್ನಲ್ಲಿನ ಭಾಷೆ ಒಂದು, ಕಬ್ಬಿಣದ್ದು ಇನ್ನೊಂದು,
ನಡುವೆ ನಿದ್ದೆಗೆಟ್ಟು ಕೂತಿರಬೇಕು.

ರಾತ್ರಿ, ಬಾಗಿಲು ಹಾಕಿದ ಮಾರ್ಕೆಟ್ಟು.
ಗೂಡಿನ ನಾತ, ಒಂದು ಟ್ಯೂಬ್‌ಲೈಟು, ನಾನು, ಅದು.
ಸಿದ್ಧವಾ, ಕೇಳುತ್ತೇನೆ.
ಸಿದ್ಧ, ಅನ್ನುತ್ತದೆ.
ಓದುತ್ತೇನೆ: ಹಿಂದಿನ ತೂಕ.
ಮತ್ತೆ ಓದುತ್ತೇನೆ: ಈಗಿನ ತೂಕ.
ನೂರು ಸಲ ಕೇಳಿದೆ, ನೂರು ಸಲವೂ ಹಾಗೇ.
ಐದು ಮಿಲಿಸೆಕೆಂಡಿನಲ್ಲಿ ಅಂಕಿ ಹೊಸತಾಗುತ್ತದೆಂದು
ಕೈಪಿಡಿಯ ಮೂವತ್ತೊಂದನೇ ಪುಟ.
ಬರೆದವರು ಈ ಚಿಪ್ಪಿನ ಮುಖ ಕಂಡವರಲ್ಲ,
ಫೋಟೋ ನೋಡಿ ಹುಡುಗಿಯ ಗುಣ ಹೇಳುವ
ಮದುವೆ ದಲ್ಲಾಳಿ ಥರ.

ಕಂಪನಿಗೆ ಬರೆದೆ. ಕಂಪನಿಯೇ ಇಲ್ಲ.
ಬೆಸುಗೆ ಬಿಡಿಸಿ ಹೊಸ ಚಿಪ್ಪು ಹಾಕಲು ದುಡ್ಡಿಲ್ಲ.
ಗಟ್ಟಿ ಇರುವುದು ಬಗ್ಗುವುದಿಲ್ಲ,
ಮೆತ್ತಗಿರುವುದೇ ಬಗ್ಗಬೇಕು.
ನಮ್ಮ ಕಸುಬಿಗೆ ಸುಮ್ಮನೆ ಇಟ್ಟ ಹೆಸರಲ್ಲ ಅದು.

ಬೆಳಿಗ್ಗೆ ಟೀ ಅಂಗಡಿಯಲ್ಲಿ ಅದೇ ಗಂಗುಲಪ್ಪ
ತನ್ನ ಹಳೇ ಮೊಪೆಡ್ಡು ಮಾರುತ್ತಿದ್ದ.
ಎಷ್ಟು?
ಇಪ್ಪತ್ತು ಸಾವಿರ.
ಕೊಳ್ಳುವವನು ಕೇಳಿಸಲೇ ಇಲ್ಲವೆಂಬಂತೆ
ಬನ್ನು ಅದ್ದಿಕೊಂಡು ತಿಂದ, ಬೆರಳು ನೆಕ್ಕಿದ.
ಎಷ್ಟು?
ಹನ್ನೆರಡು.
ಆಗ ಶುರುವಾಯಿತು ಮಾತು.
ಯಾರಿಗೂ ಬೇಜಾರಿಲ್ಲ, ಯಾರೂ ಸುಳ್ಳನೆನ್ನಲಿಲ್ಲ.

ಅರ್ಧ ಟೀ ಬಿಟ್ಟು ಎದ್ದು ಬಂದೆ.
ಮೊದಲ ಉತ್ತರ ಬಿಸಾಕು.
ನಲವತ್ತು ಮಿಲಿಸೆಕೆಂಡು ಸುಮ್ಮನಿರು.
ಇನ್ನೊಮ್ಮೆ ಕೇಳು.

ಇದು ಏಳನೆಯದಕ್ಕೆ ಮಾತ್ರ.
ಉಳಿದ ಹನ್ನೊಂದು ನೆಟ್ಟಗಿವೆ, ಅವನ್ನೇಕೆ ಕಾಯಿಸಲಿ?
ಆದರೆ ಹನ್ನೆರಡಕ್ಕೂ ಒಂದೇ ಹೆಸರು, ಒಂದೇ ನಂಬರು,
ನಮ್ಮ ಬೀದಿಯ ಮೂವರು ಮುನಿಯಪ್ಪಂದಿರ ಹಾಗೆ.
ಪೋಸ್ಟಿನವನು ಇನಿಷಿಯಲ್ ನೋಡುತ್ತಾನೆ;
ನಾನು ತಯಾರಿಕೆಯ ಕೊನೆಯ ಅಕ್ಷರ ನೋಡಿದೆ.
ಸಿ. ಸಿಕ್ಕಿತು.
ವಿಚಿತ್ರಗಳ ಪಟ್ಟಿಗೆ ಒಂದು ಸಾಲು ಸೇರಿಸಿದೆ.

ಏಕೆ ಅಂತ ಮೇಲೊಂದು ಟಿಪ್ಪಣಿ ಬರೆಯಬೇಕು,
ನಾಳೆ ಬಂದವರು ವ್ಯರ್ಥವೆಂದು ಅಳಿಸದ ಹಾಗೆ.
"ಚಿಪ್ಪು ದೋಷಪೂರಿತ" ಅಂತ ಬರೆದೆ. ಒರೆಸಿದೆ.
ಅಕ್ಕಯಮ್ಮ ನೆನಪಾದಳು, ನಮ್ಮಜ್ಜಿ.
ಮೂವತ್ತು ವರ್ಷ ಫಿಲೇಚರಿನ ಕುದಿಯುವ ನೀರೊಳಗೆ
ಎಳೆ ಹುಡುಕಿದ ಬೆರಳು;
ಕೊನೆಗೆ ಬಿಸಿಯೇ ತಿಳಿಯುತ್ತಿರಲಿಲ್ಲ.
ಲೋಟ ಹಿಡಿದು ನೇರ ಬಾಯಿಗೆ, ನಾಲಿಗೆ ಸುಟ್ಟುಕೊಂಡು
"ಯಾರೇ ಇದು, ಬೆಂಕಿ ಕೊಟ್ಟೋಳು?"
ಯಾರೂ ಅವಳಿಗೆ ಏನೂ ಹೇಳಲಿಲ್ಲ.
ಅವಳ ಟೀ ಮಾತ್ರ
ಕಿಟಕಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿತ್ತು.

ಅವಳು ಹೋಗಿ ಮೂರು ವರ್ಷ.
ಅಮ್ಮ ಇವತ್ತಿಗೂ ಲೋಟಗಳನ್ನು
ಮೊದಲು ಕಿಟಕಿಕಟ್ಟೆಗೆ ಇಟ್ಟು, ಆಮೇಲೆ ಕೊಡುತ್ತಾಳೆ.
ಬಿಸಿ ಬಿಸಿ ಬೇಕು ಅಂತ ತಂಗಿ ರೇಗುತ್ತಾಳೆ.

ಟಿಪ್ಪಣಿ ಹೀಗೆ ನಿಂತಿತು:
ಈ ತಕ್ಕಡಿ ತಪ್ಪು ಹೇಳುವುದಿಲ್ಲ.
ಹಿಂದಿನವರನ್ನು ಮರೆಯಲು
ಇದಕ್ಕೆ ಕೊಂಚ ಹೊತ್ತು ಬೇಕು.

ಮರುದಿನ ಚಾಂದ್ ಪಾಷ ಅಂಕಿಯನ್ನೇ ದಿಟ್ಟಿಸಿ ನಿಂತರು.
ಕಣ್ಣಿಗೆ ಕಾಣದಷ್ಟು ತಡ;
ಅವರಿಗೆ ಕಂಡಿತೋ, ಅನುಮಾನವೋ,
"ಏನಮ್ಮಾ, ಯೋಚನೆ ಮಾಡ್ತೈತಾ?"

ಇಪ್ಪತ್ತೊಂಬತ್ತು ಮುಕ್ಕಾಲು.

ಗೂಡಿನ ಮೇಲೆ ಅಂಗೈ ಆಡಿಸಿದರು.
ಏನೂ ಅನ್ನಲಿಲ್ಲ.
ಹಿಂದೆ ನಿಂತ ಹುಡುಗ ಜಾಲರಿ ಎತ್ತಿದ.