ಎಂಟನೇ ಗೆರೆ

ಸುಣ್ಣದ ಪುಡಿ ಒಂದೂವರೆ ಮೂಟೆ,
ಹುರಿಹಗ್ಗ, ತಳ ತೂತಾದ ಡಬ್ಬ.
ಮಂಡ್ಯದ ಮೈದಾನಕ್ಕೆ ಗೆರೆ ಎಳೆಯುವವನು ನಾನು.
ಆರು ಗೆರೆಯ ಜಾಗ ಇದು.
ದೇವೀರಮ್ಮ ಮೇಡಂ ಕೋಚಾಗಿ ಬಂದ ವರುಷ
ಎಂಟು ಎಳಿ ಅಂದರು.
ಎಲ್ಲಿದೆ ಮೇಡಂ ಜಾಗ, ಎಂಟನೆಯದು
ಹೊಂಗೆಮರದ ಬೇರಿಗೆ ತಾಗುತ್ತೆ.
'ತಾಗಲಿ. ದಾಟೋದು ಕಲೀಲಿ.'

ಸಕ್ಕರೆ ಕಾರ್ಖಾನೆಯ ಸೈರನ್ನಿಗೂ ಮೊದಲೇ
ಅವರ ಟಿವಿಎಸ್ ಗೇಟಿನಲ್ಲಿರುತ್ತೆ.
ಪಿಸ್ತೂಲಿಲ್ಲ, ಕೀಲು ಜಡಿದ ಎರಡು ಹಲಗೆ ತುಂಡು.
ಕೈ ಎತ್ತಿದರೆ ಸಾಕು,
ಹಲಗೆ ಬಡಿಯುವ ಮುಂಚೆ ಕಾಗೆ ಹಾರುತ್ತವೆ.
'ಕಾಗೆ ಫೌಲು' ಅನ್ನುತ್ತಾರೆ. ನಗುವುದಿಲ್ಲ.

ಊರಿಗೆ ಗೊತ್ತಿರುವುದು ಒಂದೇ ಪ್ರಶ್ನೆ.
ಹಾಲಿನ ಡೈರಿ, ಬ್ಯಾಂಕು, ಬೀಗರೂಟ,
ಎಲ್ಲಿ ಸಿಕ್ಕರೂ: ಒಲಿಂಪಿಕ್ಸಿಗೆ ಹೋಗಿದ್ರಂತಲ್ಲ,
ಎಷ್ಟನೇಯವರಾಗಿ ಬಂದ್ರಿ?
'ಏಳು.'
ಪ್ರಪಂಚಕ್ಕೇ ಏಳಾ!
'ಅಲ್ಲ. ಎಂಟು ಜನರಲ್ಲಿ ಏಳು.'
ಆಮೇಲೂ ಬಡಿಸುತ್ತಾರೆ,
ತುಂಡು ಮಾತ್ರ ಸಣ್ಣದಾಗುತ್ತೆ.

ಕಳೆದ ಸಂಕ್ರಾಂತಿಯ ಹಿಂದುಮುಂದು
ಗೆರೆ ಮುಗಿಸಿ ಟೀ ಕುಡಿಯುವಾಗ
ನಾನು ಕೇಳದೆಯೇ ಹೇಳಿದರು:
ಇನ್ನೂರು ಮೀಟರು. ನಂಗೆ ಬಿದ್ದದ್ದು ಎಂಟನೇ ಗೆರೆ.
ಹೊರಗೆರೆಯೋಳನ್ನ ಮುಂದೆ ನಿಲ್ಲಿಸ್ತಾರೆ,
ಹಗ್ಗ ಹಿಡಿಯೋನು, ನಿಂಗೇ ಗೊತ್ತಲ್ಲ.
ತಿರುವು ಮುಗಿಯೋಗಂಟ ಯಾರೂ ಕಾಣಲ್ಲ.
ಬರೀ ಉಸಿರು. ಏಳು ಜನರದು, ಬೆನ್ನ ಹಿಂದೆ.
ನಾಲೆ ಏರಿ ಮೇಲೆ ಒಬ್ಬಳೇ ಓಡ್ತಿದ್ನಲ್ಲ, ಹಂಗಿತ್ತು,
ತೂಬಲ್ಲಿ ನೀರು ಬಿಟ್ಟ ಸದ್ದು ಕೇಳ್ಕೊಂಡು.
ಹನ್ನೆರಡು ಸೆಕೆಂಡು ಕಣೋ ಚೆಲುವಯ್ಯ,
ನನ್ನ ಮುಂದೆ ಒಂದು ನರಪಿಳ್ಳೆ ಇರಲಿಲ್ಲ.

ಆಮೇಲೆ?
'ಆಮೇಲೆ ತಿರುವು ಮುಗೀತು.'
ಲೋಟ ತೊಳೆದು ಕವುಚಿ ಇಟ್ಟರು.

ಯಾರಿಗೂ ಗೆಲ್ಲು ಅನ್ನುವುದಿಲ್ಲ ಅವರು.
ಮೊಣಕಾಲು, ಅನ್ನುತ್ತಾರೆ. ದವಡೆ ಸಡಿಲ ಬಿಡು.
ಮುಷ್ಟೀಲಿ ಬಿಸಿ ಬೆಲ್ಲ ಐತೆ ಅಂದ್ಕೊ, ಹಿಸುಕಬೇಡ.

ಹೋದ ತಿಂಗಳು ಗುತ್ತಲಿನಿಂದ ಒಬ್ಬಳು ಬಂದಳು,
ನೂರ್‌ಫಾತಿಮಾ, ಅಪ್ಪ ಬೆಲ್ಲದ ಮಂಡಿಯಲ್ಲಿ ಹಮಾಲಿ.
ಬರಿಗಾಲು. ಎಲ್ಲರಿಗಿಂತ ನಿಧಾನ.
ಹೆಜ್ಜೆಗೊಮ್ಮೆ ಪಕ್ಕದವಳನ್ನು ತಿರುಗಿ ನೋಡೋಳು.
ಮೇಡಂ ಭುಜ ಹಿಡಿದು ಕರೆದೊಯ್ದರು
ಹೊಂಗೆಯ ಬುಡಕ್ಕೆ, ಎಂಟನೇ ಗೆರೆಗೆ.
'ನಿಂತ್ಕೊ. ಈಗ ಹೇಳು, ಮುಂದೆ ಯಾರವ್ರೆ?'
ಹುಡುಗಿ ನೋಡಿದಳು,
ಬಹಳ ಹೊತ್ತು.
ಕಾಗೆ ಹಾರಿದವು. ಹಲಗೆ ಬಡಿಯಿತು.

ಬೇರಿನ ಮೇಲೆ ಸುಣ್ಣ ನಿಲ್ಲುವುದಿಲ್ಲ.
ದಿನಾ ಅಲ್ಲೊಂದು ಹಿಡಿ ಜಾಸ್ತಿ ಹಾಕುತ್ತೇನೆ.
ಲೆಕ್ಕದ ಪುಸ್ತಕದಲ್ಲಿ ತೋರಿಸಿಲ್ಲ.