ಇಪ್ಪತ್ನಾಲ್ಕು ಗಂಟೆಯ ಉಪ್ಪು

ಐದು ಲೀಟರಿನ ಬಿಳಿ ಕ್ಯಾನು,
ಮುಚ್ಚಳದ ಮೇಲೆ ನೀಲಿ ಮಾರ್ಕರಿನಲ್ಲಿ
ನಾನೇ ಬರೆದ ನಂಬರು: ನೂರ ಹದಿನೇಳು.
ಪಾಂಡವಪುರದಿಂದ ಮೂರನೇ ಸ್ಟಾಪು.
ನಾಲೆ ಏರಿಯ ಮೇಲೆ ಅದನ್ನು ಹಿಡಿದು ನಡೆದರೆ
ಡೈರಿಗೆ ಹಾಲು ಹಾಕುವವಳೆಂದುಕೊಂಡು
ನಾಯಿಗಳೂ ಬೊಗಳಲಿಲ್ಲ.

ನಿಂಗಾಜಮ್ಮನಿಗೆ ವಿವರಿಸಿದೆ, ತರಬೇತಿಯಲ್ಲಿ ಹೇಳಿಕೊಟ್ಟಂತೆ:
ನಾಳೆ ಬೆಳಗಿನ ಮೊದಲನೆಯದು ಬೇಡ, ಬಿಟ್ಟುಬಿಡಿ.
ಆಮೇಲಿನದೆಲ್ಲ ಇದರೊಳಗೆ,
ನಾಡಿದ್ದು ಬೆಳಗಿನ ಮೊದಲನೆಯದೂ ಸೇರಿ.
ನಿಮ್ಮೂರು ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತದೆಂದು
ಮೈಸೂರಿನಲ್ಲಿ ಕೂತು ಲೆಕ್ಕ ಹಾಕುತ್ತಾರೆ.

ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.
"ಉಪ್ಪ ಡಬ್ಬೀಲಿ ಅಳೀದೆ ಉಚ್ಚೇಲಿ ಅಳೀತೀರಾ?
ಬುಡವ್ವ, ಅದೇನ್ ಗಾಚಾರ ಬಂದದೆ ನಿಮ್ ಡಾಕ್ಟ್ರಿಗೆ!"

ಡಬ್ಬಿ ಸುಳ್ಳು ಹೇಳುತ್ತದೆ, ಅಂದೆ.
ಎಷ್ಟು ಚಮಚ ಎಂದರೆ ಎಲ್ಲರದೂ ಒಂದೇ ಉತ್ತರ: ಒಂದೇ.
ಚಮಚವೇ ಇಲ್ಲದ ಒಲೆಗಳ ಮುಂದೆ ಕೂತು
ನಾನೂ ಟಿಕ್ ಹಾಕಿದ್ದೇನೆ.
ಇಲ್ಲಿ ಉಪ್ಪಿಗೆ ಕೈಯೇ ಅಳತೆ.
ಮೂರು ಬೆರಳು ಸಾರಿಗೆ,
ಹಿಡಿತುಂಬ ಹುಣಿಸೆ ಗಡಿಗೆಗೆ,
ಇನ್ನೊಂದು ಹಿಡಿ ಮೊಮ್ಮಗುವಿನ ದೃಷ್ಟಿ ತೆಗೆದು ಬೆಂಕಿಗೆ.
ಚಟಪಟ ಸಿಡಿದು ಹೋಗುವ ಆ ಉಪ್ಪನ್ನು
ಯಾವ ಕಾಲಮ್ಮಿನಲ್ಲಿ ಬರೆಯಲಿ?

"ಉಂಡೋಗು" ಎಂದಳು.
ಮುದ್ದೆ, ಉಪ್ಪೆಸರು, ಅಂಚಿಗೆ ಖಾರ.
ಮಾಹಿತಿ ಸಂಗ್ರಹಕಾರರು ಮನೆಗಳಲ್ಲಿ ಊಟ ಮಾಡತಕ್ಕದ್ದಲ್ಲ:
ಕೈಪಿಡಿ, ಪುಟ ಹನ್ನೆರಡು.
ಎರಡು ಮುದ್ದೆ ಉಂಡೆ.

ಮೂರನೇ ದಿನ ಏಳು ಗಂಟೆಗೇ ಬಂದೆ.
ಕೇರಿಯ ಕ್ಯಾನುಗಳೆಲ್ಲ ಎರಡು ಲೀಟರಿನ ಗೆರೆಗೆ
ಹೇಳಿ ಮಾಡಿಸಿದ ಹಾಗೆ ನಿಂತಿದ್ದವು,
ಕೆಲವು ಬೋರಿನ ನೀರಿನಷ್ಟೇ ತಿಳಿ.
ಒಂದು ಸಲವೂ ತಪ್ಪಲಿಲ್ಲವೇ?
ಒಂದೂ ಇಲ್ಲ, ಎಂದರು, ನೆತ್ತಿ ಮುಟ್ಟಿಕೊಂಡು.
ಪೂರ್ಣ, ಪೂರ್ಣ, ಪೂರ್ಣ, ಬರೆದುಕೊಂಡೆ.

ನಿಂಗಾಜಮ್ಮನ ಕ್ಯಾನು ಅರ್ಧ.
"ಕಬ್ಬಿನ ತರಗು ಸುಲಿಯಕ್ಕೆ ಹೋಗಿದ್ದೆ ಕನವ್ವ.
ಗಂಡಾಳ್‌ಗಳ ಮುಂದೆ ಇದ ಹೊತ್ಕಂಡು ಹೋಗಕ್ಕಾದದೇ?
ಎರಡ್ ಸಲದ್ದು ಗದ್ದೆ ಕುಡ್ಕತು.
ನಮ್ಮನೆ ಉಪ್ಪ ತಿಂದಿದ್ದೀಯೆ,
ನಿಂಗೆ ಸುಳ್ಳೇಳುದ್ರೆ ನಂಗೆ ತಟ್ತದೆ."

ನಿಯಮದ ಪ್ರಕಾರ
ನಿಜ ಹೇಳಿದ ಕ್ಯಾನು ಅಪೂರ್ಣ.
ಬೇಲಿಯ ಬುಡಕ್ಕೆ ಸುರಿದೆ.
ಇನ್ನೊಂದು ಕ್ಯಾನು ಕೊಟ್ಟು
ಇನ್ನೊಂದು ದಿನ ಕೇಳಿದೆ.

ಆ ದಿನ ಆಕೆ ಕೆಲಸಕ್ಕೆ ಹೋಗದೆ ಜಗಲಿ ಕಾದಳು.
ಮುನ್ನೂರೈವತ್ತು ರೂಪಾಯಿ ಕೂಲಿ.
ನಮೂನೆಯಲ್ಲಿ ಸೋಡಿಯಂ ಇದೆ, ಪೊಟ್ಯಾಸಿಯಂ ಇದೆ,
ಬಾಯಿಗೆ ಬಾರದ ಕ್ರಿಯಾಟಿನಿನ್ ಇದೆ.
ಕೂಲಿಗೆ ಕಾಲಂ ಇಲ್ಲ.

ಆರು ವಾರದ ಮೇಲೆ ಲ್ಯಾಬಿನ ಪಟ್ಟಿ ಬಂತು.
ನಾನು ಬರೆದ ಹನ್ನೊಂದು ಪೂರ್ಣಗಳ ಎದುರು
ಕೆಂಪು ಪ್ರಶ್ನಾರ್ಥಕ ಚಿಹ್ನೆ.
ನೂರ ಹದಿನೇಳು ಸರಿ.
ದಿನಕ್ಕೆ ಹನ್ನೆರಡು ಗ್ರಾಂ.

ಐದು ಸಾಕಂತೆ, ಎಂದೆ, ಚೀಟಿ ನೋಡಿ.
ಉಪ್ಪಿನಕಾಯಿ, ಹಪ್ಪಳ, ಅಂಗಡಿ ಮಿಕ್ಸ್ಚರು ಕಮ್ಮಿ ಮಾಡಿ.
ಸಾರಿಗೆ ದಿನಾ ಒಂಚೂರು ಕಡಮೆ ಹಾಕುತ್ತ ಹೋದರೆ
ನಾಲಿಗೆ ಒಂದೆರಡು ತಿಂಗಳಲ್ಲಿ ಹಟ ಬಿಡುತ್ತದೆ.
ತಲೆ ಸುತ್ತಿದರೆ ಬಿಸಿಲಿನ ಮೇಲೆ ಹಾಕಬೇಡಿ,
ಬಿ.ಪಿ. ತೋರಿಸಿ.

"ಉಪ್ಪೆಸರಲ್ಲಿ ಉಪ್ಪ ತಗುದ್ರೆ
ಬರೀ ಎಸರು ಕನವ್ವ."
ಈ ಸಲ ನಗಲಿಲ್ಲ.
ಗಂಡ ಗಾಣದ ಮುಂದೆ ಬಿದ್ದದ್ದು,
ಬಾಯಿ ಒಂದು ಕಡೆಗೆ ಸೊಟ್ಟಗಾದದ್ದು,
ನನ್ನ ನಮೂನೆಯ ಹದಿನಾಲ್ಕನೇ ಪ್ರಶ್ನೆಗೆ
ಆಕೆ "ಬಿಸ್ಲು" ಎಂದು ಉತ್ತರಿಸಿದ್ದು,
ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು.

ಎದ್ದು ಹೋದಳು. ಎಸರು ಕುದಿಯುತ್ತಿತ್ತು.
ಡಬ್ಬಿಗೆ ಮೂರು ಬೆರಳು ಅದ್ದಿ, ಎತ್ತಿ,
ಒಂದು ಬೆರಳನ್ನು ಮಡಚಿಕೊಂಡಳು.
ಸಂದಿಯಿಂದ ಉದುರಿ ಹಿಂದಕ್ಕೆ ಬಿದ್ದದ್ದು
ಎಷ್ಟು ಗ್ರಾಮೋ, ತೂಗಲು ನನ್ನಲ್ಲಿ ಏನೂ ಇರಲಿಲ್ಲ.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ತಟ್ಟೆ ಇಟ್ಟಳು.
ಒಂದು ತುತ್ತು ಮುಳುಗಿಸಿ ನುಂಗುವವರೆಗೆ
ನನ್ನ ಮುಖವನ್ನೇ ನೋಡುತ್ತಿದ್ದಳು.
"ಹೆಂಗದೆ?"

ಸಪ್ಪೆ, ಎಂದೆ.
ಆಕೆಯ ಮನೆಯ ಉಪ್ಪು ತಿಂದಿದ್ದೆ.