ಐವತ್ತೆರಡನೆಯದು

ಜನವರಿ ಒಂದಕ್ಕೆ ರಾಬಿನ್‌ನಿಂದ ಶುರು, ಯಾವಾಗಲೂ.
ನಾರ್ತಂಬರ್ಲೆಂಡಿನ ವಿನಿಫ್ರೆಡ್ ಹೆಪಲ್‌ಳ
ನೀಲಿ ನೋಟುಬುಕ್ಕಿನ ಕಟ್ಟಳೆ ಬಿಗಿ:
ದನಿ ಕೇಳಿದರೆ ಸಾಲದು.
ಬೇಲಿಯಾಚೆ ಪಾದ್ರಿಯ ಮರದ್ದು ಸಲ್ಲದು.
ಮೇಲೆ ಹಾರಿಹೋದದ್ದು ಸರಿ; ಆಕಾಶ ನಮ್ಮದೇ
ಎಂದು ಗಂಡ ಇದ್ದಾಗಲೇ ತೀರ್ಮಾನವಾಗಿತ್ತು.

ಏಪ್ರಿಲ್ ಕೊನೆಗೆ ಅಂಬರಗುಬ್ಬಿ, ನಲವತ್ತು.
ಪಾತ್ರೆ ತೊಳೆಯುತ್ತ ಕಂಡ ಮರಕುಟಿಗಕ್ಕೆ
ಪುಟದಲ್ಲಿ ಸೋಪಿನ ಕಲೆ.
ಆಮೇಲೆ ಐವತ್ತೊಂದರಲ್ಲೇ ನಿಂತುಬಿಟ್ಟಿತು ವರ್ಷ.

ಡಿಸೆಂಬರ್ ಮೂವತ್ತು. ಪಕ್ಕದ ಮನೆ ಬೆಕ್ಕು
ಮೆಟ್ಟಿಲ ಮೇಲಿಟ್ಟು ಹೋಗಿದೆ ಗೋಲ್ಡ್‌ಕ್ರೆಸ್ಟ್,
ನೆತ್ತಿಗೆ ಅರಿಸಿನದ ಗೆರೆ, ಇನ್ನೂ ಬೆಚ್ಚಗೆ.
ಅಡುಗೆಮನೆಯ ತಕ್ಕಡಿಯಲ್ಲಿ ಐದು ಗ್ರಾಂ,
ಇಪ್ಪತ್ತು ಪೆನ್ಸ್ ನಾಣ್ಯದಷ್ಟೇ.

ಸತ್ತದ್ದಕ್ಕೆ ಕಟ್ಟಳೆ ಬರೆದಿರಲಿಲ್ಲ.

ಪೆನ್ಸಿಲಿನಲ್ಲಿ ಬರೆದಳು. ಅಳಿಸಿದಳು.
ಕತ್ತಲಾಗುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ:
ಇದಕ್ಕೊಂದು ಜೋಡಿ
ಇರಲೇಬೇಕಲ್ಲ.